ಕರೆಂಟ್ ಕೊಡೋ ಮುಂಚೆ ಇಷ್ಟು ದಿನ ಯಾಕೆ ಕಾಯಿಸ್ತಾರೆ?

ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಯಿತು, ಕೀಮೋ ಕೂಡ ಮುಗಿಯಿತು. ಇನ್ನು ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದರೆ ಆಯಿತು ಅಂತ ಬಸ್ಸು ಹತ್ತಿ ಹೋದ ಹೆಣ್ಣುಮಗಳನ್ನು ಆಸ್ಪತ್ರೆಯವರು ವಾಪಸ್ ಕಳಿಸುತ್ತಾರೆ. ಗಾಯ ಒಣಗಿಲ್ಲ, ಕೈ ಮೇಲೆ ಏಳುತ್ತಿಲ್ಲ, ಪ್ಲಾನಿಂಗ್ ಆಗಿಲ್ಲ, ಮುಂದಿನ ವಾರ ಬನ್ನಿ. ನಮ್ಮ ಕಡೆ ಮನೆಯವರು ಇದಕ್ಕೆ ತೆಗೆಯುವ ಅರ್ಥ ಒಂದೇ: ಡಾಕ್ಟ್ರು ಕೈಬಿಟ್ಟರು. ಕೆಲವರು ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಈ ಕಾಯಿಸುವಿಕೆ ಎಲ್ಲಿಂದ ಬಂತು ಅಂತ ತಿಳಿಯಲು ನಾವು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

1895ರ ನವೆಂಬರ್‌ನಲ್ಲಿ ಜರ್ಮನಿಯ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು. ಮುಂದಿನ ಜನವರಿಯಲ್ಲೇ ಅಮೆರಿಕದ ಷಿಕಾಗೋದಲ್ಲಿ ಸ್ತನ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸಿಗೆ ಅದನ್ನು ಕೊಟ್ಟಿದ್ದೆ ಎಂದು ಎಮಿಲ್ ಗ್ರಬ್ಬೆ ಎಂಬುವರು ಹೇಳಿಕೊಂಡರು. ಅವರ ಮಾತನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ಕಿರಣದ ಹೊಡೆತಕ್ಕೆ ಗ್ರಬ್ಬೆಯವರ ಎಡಗೈಯನ್ನೇ ಕತ್ತರಿಸಬೇಕಾಯಿತು ಅನ್ನುವುದು ನಿಜ. ಆಗ ಸರಿಯಾದ ಅಳತೆಯೂ ಇರಲಿಲ್ಲ, ಗುರಿಯೂ ಇರಲಿಲ್ಲ.

ಅಳತೆಯ ದಾರಿ ತೋರಿಸಿದ್ದು ಟಗರು! ಪ್ಯಾರಿಸ್‌ನಲ್ಲಿ ಕ್ಲಾಡಿಯಸ್ ರೆಗೋ ಮತ್ತು ಅವರ ಜೊತೆಗಾರರು ಟಗರುಗಳ ಬೀಜಕ್ಕೆ ಕಿರಣ ಬಿಟ್ಟು ನೋಡಿದರು. ಒಂದೇ ಸಲ ಹೆಚ್ಚು ಕೊಟ್ಟರೆ ಬೀಜ ಬತ್ತುವ ಮೊದಲೇ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಹಲವು ದಿನಗಳಿಗೆ ಹಂಚಿ ಕೊಟ್ಟಾಗ ಬೀಜ ಬತ್ತಿತು, ಚರ್ಮ ಉಳಿಯಿತು. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕಣಕ್ಕೂ ಇದೇ ಲೆಕ್ಕ ಹಿಡಿಸುತ್ತದೆ ಎಂದರು. ಇವತ್ತು ಆಸ್ಪತ್ರೆಯವರು ‘ದಿನಾ ಬನ್ನಿ, ತಪ್ಪಿಸಬೇಡಿ’ ಅನ್ನುವುದರ ಬೇರು ಅಲ್ಲಿದೆ.

ಅದೇ 1920ರ ದಶಕದಲ್ಲಿ ಲಂಡನ್ನಿನ ಸರ್ಜನ್ ಜೆಫ್ರಿ ಕೇನ್ಸ್, ಸ್ತನವನ್ನು ಪೂರ್ತಿ ತೆಗೆಯದೆ ರೇಡಿಯಂ ಸೂಜಿ ಚುಚ್ಚಿ ಗುಣ ಮಾಡಲು ಹೊರಟರು. ಎದೆಯ ಸ್ನಾಯು ಸಮೇತ ಕತ್ತರಿಸುವುದೇ ಸರಿ ಅಂತ ಸರ್ಜನ್ನರು ನಂಬಿದ್ದ ಕಾಲ ಅದು. ಆ ಆಪರೇಷನ್ ಆದವರಲ್ಲಿ ಅನೇಕರಿಗೆ ಕೈ ಊದಿಕೊಂಡು ಮೇಲೆತ್ತಲು ಆಗುತ್ತಿರಲಿಲ್ಲ. ಕೇನ್ಸ್ ಮಾತನ್ನು ಹೆಚ್ಚಿನವರು ಕೇಳಲಿಲ್ಲ. 1939ರಲ್ಲಿ ಯುದ್ಧ ಬಂತು, ಅವರು ವಾಯುಪಡೆಯ ವೈದ್ಯರಾಗಿ ಹೋದರು, ಕೆಲಸ ನಿಂತಿತು.

ಗಟ್ಟಿ ಪುರಾವೆ ಸಿಗಲು ದಶಕಗಳೇ ಬೇಕಾದವು. ಅಮೆರಿಕದ ಬರ್ನಾರ್ಡ್ ಫಿಷರ್ 1976ರಲ್ಲಿ ಶುರು ಮಾಡಿದ ಅಧ್ಯಯನದ 20 ವರ್ಷಗಳ ಲೆಕ್ಕ 2002ರಲ್ಲಿ ಬಂತು. ಸ್ತನ ಉಳಿಸಿ ಗಂಟು ಮಾತ್ರ ತೆಗೆಸಿಕೊಂಡು ರೇಡಿಯೇಷನ್ ಬಿಟ್ಟವರಲ್ಲಿ 100ಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸಿತ್ತು. ರೇಡಿಯೇಷನ್ ಪಡೆದವರಲ್ಲಿ ಅದು 14. ಅರ್ಧಕ್ಕೆ ನಿಲ್ಲಿಸುವ ಮನೆಯವರ ಮುಂದೆ ನಾವು ಇಡುವುದು ಈ ಎರಡು ಸಂಖ್ಯೆಗಳನ್ನೇ.

ಇನ್ನು ಪ್ಲಾನಿಂಗ್ ವಿಷಯ. ಎಡ ಸ್ತನದ ಹಿಂದೆಯೇ ಹೃದಯವಿದೆ. ಹಳೆಯ ವಿಧಾನದಲ್ಲಿ ಕಿರಣ ಪಡೆದವರಲ್ಲಿ ಎಷ್ಟೋ ವರ್ಷಗಳ ಮೇಲೆ ಹೃದಯದ ಕಾಯಿಲೆ ಹೆಚ್ಚು ಕಂಡುಬಂತು. ಅದಕ್ಕೇ ಈಗ ಮೊದಲು ಸಿಟಿ ಸ್ಕ್ಯಾನ್ ಮಾಡಿ, ಕಿರಣ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಇದಕ್ಕೇ ಕೆಲವು ದಿನ ಹಿಡಿಯುತ್ತದೆ. ಸ್ಕ್ಯಾನಿನಲ್ಲಿ ಮಲಗಿದ ಹಾಗೆಯೇ ದಿನವೂ ಮಲಗಬೇಕು, ಕೈ ತಲೆಯ ಮೇಲೆ ಇರಬೇಕು. ನಡುವೆ ನೀರು ತುಂಬಿ ಎದೆಯ ಆಕಾರ ಬದಲಾದರೆ ಹಾಕಿದ ಲೆಕ್ಕ ತಪ್ಪುತ್ತದೆ. ಹಸಿ ಗಾಯದ ಮೇಲೆ ಕಿರಣ ಬಿದ್ದರೆ ಗಾಯ ಕೂಡುವುದೂ ತಡವಾಗುತ್ತದೆ.

ಹಾಗಾಗಿ ವಾಪಸ್ ಕಳಿಸಿದರೆ ಕೇಳಬೇಕಾದ್ದು ಎರಡು: ಯಾವ ಕಾರಣಕ್ಕೆ, ಮತ್ತೆ ಯಾವ ತಾರೀಖಿಗೆ. ಆ ತಾರೀಖು ದಾಟಿಸಬಾರದು, ಬಹಳ ತಡವಾದರೂ ಅಪಾಯವೇ. ಕೈ ಏಳದಿದ್ದರೆ ವ್ಯಾಯಾಮ ಹೇಳಿಕೊಡಿ ಅಂತ ಕೇಳಿ. ಗೋಡೆಯ ಮೇಲೆ ಬೆರಳು ನಡೆಸುತ್ತಾ ದಿನಾ ಸ್ವಲ್ಪ ಸ್ವಲ್ಪ ಮೇಲೇರಿಸುವುದು ಅದರಲ್ಲಿ ಒಂದು. ಮೈಮೇಲೆ ಹಾಕಿದ ಗುರುತು ಸ್ನಾನದಲ್ಲಿ ಅಳಿಸಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬೇಡಿ, ಅಲ್ಲಿಯವರಿಗೆ ಹೇಳಿ.

ಮೊದಲು ಐದಾರು ವಾರ ಹಿಡಿಯುತ್ತಿದ್ದ ಈ ಚಿಕಿತ್ಸೆ ಈಗ ಬಹಳಷ್ಟು ಕಡೆ ಮೂರು ವಾರಕ್ಕೆ ಮುಗಿಯುತ್ತದೆ. ಕೆಲವರಿಗೆ ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಸಾಕು ಎಂದು ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ ತೋರಿಸಿತು. ದಿನಗೂಲಿ ಬಿಟ್ಟು ಬರುವವರಿಗೆ, ಬೆಂಗಳೂರಿನಲ್ಲಿ ರೂಮು ಹಿಡಿಯಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ತನಗೆ ಅದು ಆಗುತ್ತದೆಯೇ ಅಂತ ಪ್ಲಾನಿಂಗ್ ದಿನವೇ ಕೇಳಬಹುದು.