ರಂಗಬಾವನಿಂದ ರಾಮ್ ಗೋಪಾಲ್‌ವರೆಗೆ

ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು ತಂದೆಯ ನೆನಪಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ತಂದೆಯ ಹೆಸರನ್ನೇ ಇಟ್ಟರು. ಅದೇ ಇಂದಿನ ಚಾಮರಾಜನಗರ. 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯೂ ಎದ್ದಿತು. ಅವರ ಕಾಲದ ‘ಸಂತಾನಾಂಬುಜ’ ಚಿತ್ರವಂತೂ ಇಡೀ ಮನೆತನವನ್ನು ತಾವರೆಯ ಎಸಳುಗಳಲ್ಲಿ ಕೂರಿಸಿತು. ವಂಶವನ್ನು ಕಲೆಯಲ್ಲಿ ಉಳಿಸುವ ಆಸೆ ಈ ಸೀಮೆಗೆ ಹೊಸದಲ್ಲ. ಆದರೆ ಅರಮನೆಯ ಕಲೆಗೆ ಬೇಕಿದ್ದುದು ಒಂದೇ ಕುಲದ ನೇರ ಗೆರೆ.

ಬೆರೆತ ನಂಟಿನ ಕಥೆ ಉಳಿದದ್ದು ಕಾಡಿನಲ್ಲಿ. ಬೆಟ್ಟದ ದೇವರು ಬಿಳಿಗಿರಿರಂಗ ಅಲ್ಲಿನ ಬುಡಕಟ್ಟಾದ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ. ಆದ್ದರಿಂದ ಸೋಲಿಗರಿಗೆ ಅವನು ದೇವರಷ್ಟೇ ಅಲ್ಲ, ಬಾವ. ಎರಡು ಕುಲಗಳ ಕೂಡಿಕೆಯನ್ನು ಮುಚ್ಚಿಡದೆ ಹೆಮ್ಮೆಯಿಂದ ಹಾಡುವ ಈ ಪರಂಪರೆಯನ್ನು ನಾವು ಜಾನಪದದ ಕಪಾಟಿನಲ್ಲಿಟ್ಟು ಸುಮ್ಮನಾದೆವು. ಬೆರೆತ ಬೇರುಗಳನ್ನು ಹುಡುಕುವ ಕಲೆಗೆ ಕನ್ನಡ ನೆಲದಲ್ಲಿ ಇದೇ ಮೊದಲ ಪಾಠ ಎಂದೇ ನನ್ನ ನಂಬಿಕೆ.

ಇಪ್ಪತ್ತನೆಯ ಶತಮಾನದಲ್ಲಿ ಬೆರೆತ ಬೇರುಗಳ ಈ ಮಾತು ನಗರಕ್ಕೆ ಬಂತು. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ ಅವರ ತಂದೆ ರಜಪೂತರು, ತಾಯಿ ಬರ್ಮಾದವರು. ಕುಂಜು ಕುರುಪ್ ಅವರಲ್ಲಿ ಕಥಕ್ಕಳಿ, ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತರು. ಅಮೆರಿಕದ ನರ್ತಕಿ ಲಾ ಮೇರಿ ಜೊತೆ ಪೂರ್ವದೇಶಗಳನ್ನು ಸುತ್ತಿ, 1939ರಲ್ಲಿ ಲಂಡನ್ನಿನ ವೇದಿಕೆ ಏರಿದರು. 1957ರಲ್ಲಿ ಆತ್ಮಕಥೆಯನ್ನೂ ಪ್ರಕಟಿಸಿದರು. 2003ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹುಟ್ಟಿದ ಊರೇ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಇದು ನೋವಿನ ಸಂಗತಿ. ಇಷ್ಟು ದೊಡ್ಡ ಕಲಾವಿದರು ನಮ್ಮ ನೃತ್ಯ ಚರಿತ್ರೆಯಲ್ಲಿ ಒಂದೆರಡು ಸಾಲಿಗೆ ಇಳಿಯಬಾರದಿತ್ತು.

ಅವರನ್ನು ಮತ್ತೆ ಹುಡುಕಿದವರು ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ. ಹಳೆಯ ಕುಟುಂಬ ಫೋಟೊ, ಯಾರದೋ ಅಟ್ಟದಲ್ಲಿ ಸವೆದ ಎಂಟು ಮಿಲಿಮೀಟರ್ ರೀಲು, ನೆನಪಿನ ಮಾತು, ಇವೇ ಅವರ ಸಾಮಗ್ರಿ. ಆಂಗ್ಲೋ-ಇಂಡಿಯನ್ ಹವ್ಯಾಸಿ ಛಾಯಾಗ್ರಾಹಕ ಟಾಮ್ ಡಿ’ಅಗ್ಯಾರ್ ಮನೆಮಂದಿಯನ್ನು ಚಿತ್ರೀಕರಿಸಿದ್ದ ತುಣುಕುಗಳಿಂದ 2005ರಲ್ಲಿ ‘ಸ್ಟ್ರೇಟ್ 8’ ಚಿತ್ರ ಮಾಡಿದರು. ಮುಂದೆ ರಾಮ್ ಗೋಪಾಲ್ ಕುರಿತು ‘ಐ ಸಾ ಎ ಗಾಡ್ ಡಾನ್ಸ್’. ರೀಲಿನ ಗೀರು, ಮಸುಕು, ಕಲೆಗಳನ್ನು ಅವರು ಅಳಿಸಿಹಾಕುವುದಿಲ್ಲ. ಬೆರೆತ ಮನೆತನದ ಚರಿತ್ರೆ ಕೈಗೆ ಸಿಗುವುದೇ ಹಾಗೆ, ಹರಿದು, ನಡುನಡುವೆ ಕಾಣೆಯಾಗಿ.

ನೆದರ್ಲೆಂಡ್ಸ್‌ನಲ್ಲೂ ಇದೇ ಹುಡುಕಾಟ ನಡೆದಿದೆ. 1949ರಲ್ಲಿ ಇಂಡೊನೇಷ್ಯಾದ ಸ್ವಾತಂತ್ರ್ಯಕ್ಕೆ ಡಚ್ಚರು ಒಪ್ಪಿದ ಆಸುಪಾಸಿನಲ್ಲಿ ಅಲ್ಲಿಂದ ನೆದರ್ಲೆಂಡ್ಸ್‌ಗೆ ಹೋದ ಡಚ್-ಇಂಡೊನೇಷ್ಯನ್ ಬೆರೆತ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅಜ್ಜಿಯರ ಮೌನವನ್ನು ಚಿತ್ರ, ಚಲನಚಿತ್ರ, ರಂಗಪ್ರಯೋಗಗಳಲ್ಲಿ ಕೆದಕುತ್ತಿದ್ದಾರೆ. ನಮ್ಮಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಮಾಸ್ತಿಯವರ ‘ಕಾಕನಕೋಟೆ’ ನಾಟಕ ಆಡಿದ್ದು ಈ ದಾರಿಯ ಇನ್ನೊಂದು ಕವಲು.

ಚಾಮರಾಜನಗರದಲ್ಲಿ ಈ ಕೆಲಸ ಆಗಬೇಕಿದೆ. ಕೇರಳ, ತಮಿಳುನಾಡಿನ ಗಡಿಗಂಟಿದ ಗುಂಡ್ಲುಪೇಟೆಯ ಮನೆಗಳಲ್ಲಿ ಮದುವೆಯ ಫೋಟೊಗಳಿವೆ, ಮೂರು ಭಾಷೆ ಬಲ್ಲ ಅಜ್ಜಿಯರಿದ್ದಾರೆ. ಅವರ ಮಾತನ್ನು ಧ್ವನಿಮುದ್ರಿಸಿ, ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಲು ಇಲ್ಲಿನ ಕಾಲೇಜು ಹುಡುಗರಿಗೆ ಒಂದು ಮೊಬೈಲ್ ಫೋನ್ ಸಾಕು.