ಗಡಿಯಾಚೆಯ ಪತ್ರಿಕೆ, ಗಡಿಯೀಚೆಯ ದರ್ಬಾರು

ಜೋಗದಲ್ಲಿ ಬ್ರಿಟಿಷ್ ಬಂಗಲೆ ಎಂಬ ಹೆಸರು ಇಂದಿಗೂ ಉಳಿದಿದೆ. ಜಲಪಾತ ನೋಡಲು ಬಂದವರಿಗೆ ಅದೊಂದು ತಂಗುದಾಣವಾಗಿಯಷ್ಟೇ ಕಾಣುತ್ತದೆ. ಆದರೆ ಆ ಹೆಸರಿನಲ್ಲಿ ಶಿವಮೊಗ್ಗದ ಒಂದು ಹಳೆಯ ಸ್ಥಿತಿ ಅಡಗಿದೆ. ಶರಾವತಿಯ ಈ ದಡ ಮೈಸೂರು ಮಹಾರಾಜರದ್ದು, ಆ ದಡ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡದ್ದು. ಶಿಕಾರಿಪುರ, ಸೊರಬಗಳ ಉತ್ತರಕ್ಕೆ ಹೋದರೆ ಹಿರೇಕೆರೂರು, ಹಾನಗಲ್ಲು. ಅದೂ ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆ. ಆಗುಂಬೆ ಘಟ್ಟ ಇಳಿದು ಸೋಮೇಶ್ವರ ತಲುಪಿದರೆ ಅಲ್ಲಿ ಮದ್ರಾಸ್ ಸರ್ಕಾರದ ಆಡಳಿತ. ಹೀಗೆ 1947ರವರೆಗೂ ಶಿವಮೊಗ್ಗ ಒಂದು ಗಡಿ ಜಿಲ್ಲೆ. 1956ರ ಏಕೀಕರಣದವರೆಗೂ ಅದರ ಅಕ್ಕಪಕ್ಕದ ಕನ್ನಡಿಗರು ಬೇರೆ ರಾಜ್ಯದವರು. ನೆಂಟಸ್ತನ, ಅಡಿಕೆ ವ್ಯಾಪಾರ, ಜಾತ್ರೆ ಎಲ್ಲವೂ ಈ ಗಡಿಯನ್ನು ದಾಟುತ್ತಿದ್ದವು. ಓದಿನ ಭಾಷೆಯೂ ಒಂದೇ ಆಗಿದ್ದರಿಂದ ಆಚೆಯಲ್ಲಿ ಅಚ್ಚಾದ ಮಾತು ಈಚೆಯವರಿಗೆ ಪರಭಾಷೆಯ ಮಾತಾಗಿರಲಿಲ್ಲ. ಒಂದು ಸರ್ಕಾರದ ನೆಲದಲ್ಲಿ ಅಚ್ಚಾದ ಪತ್ರಿಕೆ ನೆರೆಯ ಆಡಳಿತವನ್ನು ಹಂಗಿಸಿದಾಗ ಎರಡು ಸರ್ಕಾರಗಳ ಸಂಬಂಧ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗದು. ಪತ್ರಿಕೆ ಬರೆದದ್ದೆಲ್ಲ ಆ ನೆಲದ ಸರ್ಕಾರದ ಮಾತೇ ಎಂದು ಆಳುವವರು ಎಣಿಸಿದಲ್ಲೆಲ್ಲ ಒಂದು ಟೀಕೆ, ಒಂದು ವ್ಯಂಗ್ಯಚಿತ್ರ ರಾಜತಾಂತ್ರಿಕ ಜಗಳವಾಗುತ್ತದೆ ಎಂಬುದು ನನ್ನ ವಾದ. ಆ ಎಣಿಕೆಗೆ ಇಲ್ಲಿ ಕಾನೂನಿನ ರೂಪ ಬಂದದ್ದು ಹೇಗೆಂಬುದರಲ್ಲೇ ಅದಕ್ಕೆ ಪುರಾವೆ ಇದೆ.

ಮೊದಲು ಮೈಸೂರಿನ ಒಳಗಿನ ಸ್ಥಿತಿ ನೋಡಬೇಕು. 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಕರೆದ ಸಂಸ್ಥಾನ ಅದು. ಆದರೆ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕೆಗಳ ರೆಗ್ಯುಲೇಷನ್ ಬಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು ಎಂಬುದು ಅದರ ಸಾರ. ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಆ ಅನುಮತಿಗೆ ಕೈಚಾಚಲು ಒಪ್ಪದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಇದನ್ನು ಬರೀ ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ಪರಿಣಾಮದ ದೃಷ್ಟಿಯಿಂದ ನೋಡಿದರೆ ಅದರ ತೂಕ ಹೆಚ್ಚು. ಒಳಗಿನ ಮರ್ಯಾದಸ್ಥ ಪತ್ರಕರ್ತ ಬಾಯಿ ಮುಚ್ಚಿದಾಗ ಟೀಕೆ ಸಾಯುವುದಿಲ್ಲ, ಗಡಿ ದಾಟಿ ಹೋಗುತ್ತದೆ. ತುಂಗಭದ್ರೆಯ ಆಚೆ ಮೈಸೂರಿನ ಲೈಸೆನ್ಸ್ ನಡೆಯುತ್ತಿರಲಿಲ್ಲ. ಧಾರವಾಡದಲ್ಲಿ 1921ರಲ್ಲಿ ರಂ.ರಾ. ದಿವಾಕರರು ‘ಕರ್ಮವೀರ’ ಆರಂಭಿಸಿದರು. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಮುಂದೆ ಹುಬ್ಬಳ್ಳಿಗೆ ಬಂತು. ಅವುಗಳ ಮೇಲೆ ಬ್ರಿಟಿಷರ ಕಣ್ಣಿತ್ತು, ಆದರೆ ಮೈಸೂರು ದಿವಾನರ ಕೈ ಇರಲಿಲ್ಲ.

ಆ ಕೈಯನ್ನು ಗಡಿಯಾಚೆಗೂ ಚಾಚುವ ಏರ್ಪಾಡು ದೆಹಲಿ, ಸಿಮ್ಲಾಗಳಲ್ಲಿ ನಡೆಯಿತು. 1910ರ ಪ್ರೆಸ್ ಆಕ್ಟ್ ಬ್ರಿಟಿಷ್ ಸರ್ಕಾರದ ಜೊತೆಗೆ ದೇಶೀ ರಾಜರನ್ನೂ ಟೀಕೆಯಿಂದ ಕಾಪಾಡುತ್ತಿತ್ತು. ಪತ್ರಿಕಾ ಕಾನೂನುಗಳ ಸಮಿತಿಯ ಶಿಫಾರಸಿನಂತೆ 1922ರಲ್ಲಿ ಆ ಕಾನೂನು ರದ್ದಾದಾಗ ರಾಜರು ತಮಗಿದ್ದ ರಕ್ಷಣೆ ಹೋಯಿತೆಂದು ಮೊರೆಯಿಟ್ಟರು. ಅದೇ ವರ್ಷ ಹೊಸ ಮಸೂದೆ ಸಿದ್ಧವಾಯಿತು: ಬ್ರಿಟಿಷ್ ಇಂಡಿಯಾದಲ್ಲಿ ಅಚ್ಚಾದ ಯಾವುದೇ ಪತ್ರಿಕೆ, ಪುಸ್ತಕ ಒಬ್ಬ ರಾಜನ ಬಗ್ಗೆಯಾಗಲಿ ಅವನ ಸರ್ಕಾರದ ಬಗ್ಗೆಯಾಗಲಿ ದ್ವೇಷ, ತಿರಸ್ಕಾರ, ಅಸಮಾಧಾನ ಹುಟ್ಟಿಸಿದರೆ ಐದು ವರ್ಷದವರೆಗೆ ಸೆರೆ. ಕೇಂದ್ರ ಶಾಸನಸಭೆ ಇದನ್ನು ಮಂಡಿಸಲೂ ಬಿಡಲಿಲ್ಲ. ಹಾಗಿದ್ದೂ ವೈಸ್‌ರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಅದನ್ನು ಕಾನೂನು ಮಾಡಿದರು. 1932ರಲ್ಲಿ ಫಾರಿನ್ ರಿಲೇಷನ್ಸ್ ಆಕ್ಟ್ ಬಂದು ಇಂಡಿಯಾದ ಹೊರಗಿನ ನೆರೆಯ ದೇಶಗಳ ದೊರೆಗಳಿಗೂ ಇಂಥದೇ ಕವಚ ತೊಡಿಸಿತು. 1934ರ ಇನ್ನೊಂದು ಕಾನೂನು ಸಂಸ್ಥಾನಗಳ ರಕ್ಷಣೆಯನ್ನು ಇನ್ನಷ್ಟು ಬಿಗಿ ಮಾಡಿತು. ಈ ಕಾನೂನುಗಳ ಪದಗಳಲ್ಲಿ ‘ತಿರಸ್ಕಾರ’ ಎಂಬುದನ್ನು ಗಮನಿಸಬೇಕು. ಸುದ್ದಿ ಸುಳ್ಳಾಗಿದ್ದರೆ ಅಪರಾಧ ಎಂದು ಕಾನೂನು ಹೇಳಲಿಲ್ಲ. ಓದಿದವನ ಮನಸ್ಸಿನಲ್ಲಿ ದೊರೆಯ ಬಗ್ಗೆ ಗೌರವ ಕಡಿಮೆಯಾದರೆ ಅಪರಾಧ ಎಂದಿತು. ದೊಡ್ಡವರ ದೊಡ್ಡತನವನ್ನು ಒಂದಿಷ್ಟು ಇಳಿಸಿ ತೋರಿಸುವುದೇ ವ್ಯಂಗ್ಯಚಿತ್ರದ ಕೆಲಸ. ಇಂಥ ಅಳತೆಗೋಲಿನ ಮುಂದೆ ಅದು ಹುಟ್ಟುವಾಗಲೇ ತಪ್ಪಿತಸ್ಥ.

ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ವಿಡಂಬನೆ ಹೆಚ್ಚಾಗಿ ಮಾತಿನಲ್ಲೇ ಇತ್ತು ಎಂಬುದನ್ನು ಇಲ್ಲೇ ಹೇಳಬೇಕು. ಮೊಳೆ ಜೋಡಿಸಿ ಅಚ್ಚು ಹಾಕುವ ಮುದ್ರಣಾಲಯಕ್ಕೆ ಒಂದು ಚಿತ್ರ ಬೇಕೆಂದರೆ ಸತುವಿನ ಬ್ಲಾಕ್ ಮಾಡಿಸಬೇಕು, ಅದಕ್ಕೆ ದುಡ್ಡೂ ದಿನವೂ ಬೇಕು. ಜಿಲ್ಲಾ ಕೇಂದ್ರದ ವಾರಪತ್ರಿಕೆಗೆ ಅದು ಸುಲಭದ ಮಾತಾಗಿರಲಿಲ್ಲ. 1942ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ‘ಕೊರವಂಜಿ’ ತಂದಾಗ ಕನ್ನಡದ ನಗೆಚಿತ್ರಕ್ಕೆ ಒಂದು ನೆಲೆ ಸಿಕ್ಕಿತು. ಮೈಸೂರಿನ ವಿದ್ಯಾರ್ಥಿ ಆರ್.ಕೆ. ಲಕ್ಷ್ಮಣ್ ಅದರಲ್ಲಿ ಬರೆದ ಚಿತ್ರಗಳು ಅವರ ಮೊದಮೊದಲ ಕೆಲಸಗಳಲ್ಲಿ ಸೇರಿವೆ. ಬರಹಕ್ಕಾಗಲಿ ಗೆರೆಗಾಗಲಿ ಕಾನೂನಿನ ಅಳತೆ ಒಂದೇ ಆಗಿತ್ತು.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಸಂಸ್ಥಾನಗಳ ಗುಟ್ಟು ಹಿಡಿದು ರಾಜರಿಂದ ದುಡ್ಡು ಕೀಳುವ ಪತ್ರಿಕೆಗಳೂ ಆಗ ಇದ್ದವು, ಅವಕ್ಕೆ ಕಡಿವಾಣ ಬೇಕಿತ್ತು ಎಂಬುದು ಮೊದಲನೆಯದು. ಇದ್ದವು, ನಿಜ. ಆದರೆ ಬೆದರಿಸಿ ಹಣ ಕೀಳುವುದು ಇಂಡಿಯನ್ ಪೀನಲ್ ಕೋಡ್‌ನಲ್ಲಿ ಮೊದಲಿನಿಂದಲೂ ಅಪರಾಧ, ಮಾನಹಾನಿಯೂ ಅಪರಾಧ. ಆ ದಾರಿಯಲ್ಲಿ ಹೋದರೆ ದೊರೆ ಕೋರ್ಟಿನ ಮುಂದೆ ನಿಲ್ಲಬೇಕಾಗುತ್ತಿತ್ತು, ಬರೆದದ್ದರ ಸತ್ಯಾಸತ್ಯವೂ ಅಲ್ಲಿ ಚರ್ಚೆಗೆ ಬರುತ್ತಿತ್ತು. ಹೊಸ ಕಾನೂನು ಆ ಕಷ್ಟವನ್ನು ತಪ್ಪಿಸಿತು. ಮೈಸೂರು ಮಾದರಿ ಸಂಸ್ಥಾನ, ಅಲ್ಲಿ ಇಂಥ ಟೀಕೆಯ ಅಗತ್ಯವೇ ಇರಲಿಲ್ಲ ಎಂಬುದು ಎರಡನೆಯದು. ಇದಕ್ಕೆ ಭದ್ರಾವತಿಯೇ ಉತ್ತರ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ನಿರ್ಧಾರವಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಮಲೆನಾಡಿನ ಕಾಡಿನ ಇದ್ದಿಲು, ಬಾಬಾಬುಡನ್ ಗಿರಿಯ ಅದಿರು, ಪ್ರಜೆಗಳ ತೆರಿಗೆಯ ದುಡ್ಡು ಮೂರೂ ಅದರ ಕುಲುಮೆಗೆ ಹೋದವು. ಮೊದಲ ವರ್ಷಗಳ ನಷ್ಟದ ಬಗ್ಗೆ ಕಟುವಾದ ಟೀಕೆಗಳು ಬಂದವು, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಸರಿದಾರಿಗೆ ತರಬೇಕಾಯಿತು. ಸರ್ಕಾರವೇ ಉದ್ಯಮಿಯೂ ಆದ ರಾಜ್ಯದಲ್ಲಿ ಲೆಕ್ಕ ಕೇಳುವ ಪತ್ರಿಕೆಯ ಅಗತ್ಯ ಬೇರೆಡೆಗಿಂತ ಹೆಚ್ಚೇ ಇರುತ್ತದೆ. ಮಾದರಿ ಸಂಸ್ಥಾನವೆಂಬ ಹೊಗಳಿಕೆ ಆ ಅಗತ್ಯವನ್ನು ಕಳೆಯಲಾರದು.

ಮೂರನೆಯ ಆಕ್ಷೇಪ ಗಾಂಧೀಜಿಯವರಿಂದಲೇ ಬಂದದ್ದು, ಆದ್ದರಿಂದ ಅದರ ಮುಂದೆ ನಿಂತು ಉತ್ತರಿಸಬೇಕು. 1937ರ ಅಕ್ಟೋಬರಿನಲ್ಲಿ ಮುಂಬಯಿಯ ನಾಯಕ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದಾಗ ಮೈಸೂರು ಸರ್ಕಾರ ಅವರನ್ನು ಬಂಧಿಸಿತು. ಅದೇ ತಿಂಗಳ ಕೊನೆಗೆ ಕಲ್ಕತ್ತೆಯಲ್ಲಿ ಸೇರಿದ ಎ.ಐ.ಸಿ.ಸಿ. ಮೈಸೂರಿನ ದಮನ ನೀತಿಯನ್ನು ಖಂಡಿಸಿತು. ಸಂಸ್ಥಾನಗಳ ಒಳವ್ಯವಹಾರದಲ್ಲಿ ತಲೆಹಾಕುವುದಿಲ್ಲ ಎಂಬ ಕಾಂಗ್ರೆಸ್ಸಿನ ನೀತಿಯನ್ನು ಈ ನಿರ್ಣಯ ಮೀರಿದೆ ಎಂದು ಗಾಂಧೀಜಿ ‘ಹರಿಜನ’ದಲ್ಲಿ ಆಕ್ಷೇಪಿಸಿದರು. ನೆರೆಯವರು ಮಾತಾಡಿದರೆ ಒಳಗಿನ ಜನ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯುವುದಿಲ್ಲ ಎಂಬ ಕಾಳಜಿ ಈ ನೀತಿಯ ಹಿಂದೆ ಇತ್ತು. ಆದರೆ ಮುಂದಿನ ಆರು ತಿಂಗಳು ಏನಾಯಿತು? 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಒಳಗಿನ ಜನ ತಾವೇ ಧ್ವಜ ಹಿಡಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಜನ ಸತ್ತರು. ಸುದ್ದಿ ಸಂಸ್ಥಾನದ ಗಡಿ ದಾಟಿ ದೇಶಕ್ಕೆಲ್ಲ ಹಬ್ಬಿತು, ಮೇ ತಿಂಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಕೂತು ಒಪ್ಪಂದಕ್ಕೆ ಬಂದರು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು. ಹೊರಗಿನವರ ಮಾತು ಸಂಬಂಧವನ್ನು ಹದಗೆಡಿಸುವುದೆಂಬ ಭಯ ಇಲ್ಲಿ ತಿರುಗುಮುರುಗಾಯಿತು. ಹೊರಗೆ ಮಾತೆದ್ದದ್ದರಿಂದಲೇ ಒಳಗೆ ರಾಜಿಗೆ ದಾರಿಯಾಯಿತು. ಗಡಿ ದಾಟಿ ಗುಂಪು ಕಟ್ಟಿ ನುಗ್ಗುವವರನ್ನು ತಡೆಯುವುದು ಯಾವ ಸರ್ಕಾರಕ್ಕೂ ಹಕ್ಕೇ. 1934ರ ಕಾನೂನಿನ ದೋಷ ಎಂದರೆ ನುಗ್ಗುವ ಜಾಥಾವನ್ನೂ ಬರೆಯುವ ಪತ್ರಿಕೆಯನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ್ದು.

ಇದು ರಾಜರ ಕಾಲದ ಮಾತು, ಈಗೇಕೆ ಎನ್ನುವವರು ಪೂರ್ವ ಆಫ್ರಿಕಾದ ಕಡೆ ನೋಡಬಹುದು. ಕೀನ್ಯಾದ ನೈರೋಬಿಯಲ್ಲಿ ಅಚ್ಚಾಗಿ ನೆರೆಯ ದೇಶಗಳಲ್ಲೂ ಓದಿಸಿಕೊಳ್ಳುವ ವಾರಪತ್ರಿಕೆ ‘ದಿ ಈಸ್ಟ್ ಆಫ್ರಿಕನ್’. 2015ರ ಜನವರಿಯಲ್ಲಿ ಅದರಲ್ಲಿ ಟಾಂಜಾನಿಯಾದ ಅಧ್ಯಕ್ಷ ಜಕಾಯಾ ಕಿಕ್ವೆಟೆ ಅವರ ಮೇಲೆ ‘ಗಾಡೊ’ ಬರೆದ ಕಟುವಾದ ವ್ಯಂಗ್ಯಚಿತ್ರ ಬಂತು. ಅದೇ ತಿಂಗಳು ಟಾಂಜಾನಿಯಾ ಸರ್ಕಾರ ಪತ್ರಿಕೆಯ ಹಂಚಿಕೆಯನ್ನು ನಿಲ್ಲಿಸಿತು. ಕೊಟ್ಟ ಕಾರಣದಲ್ಲಿ ಚಿತ್ರದ ಮಾತೇ ಇಲ್ಲ: ಪತ್ರಿಕೆ ಆ ದೇಶದಲ್ಲಿ ನೋಂದಣಿ ಮಾಡಿಸಿಲ್ಲ ಎಂಬುದು ಕಾರಣ. ವರ್ಷಗಟ್ಟಲೆ ಹಂಚಿಕೆಯಾದ ಪತ್ರಿಕೆಯ ನೋಂದಣಿ ಇಲ್ಲವೆಂಬುದು ಆ ತಿಂಗಳೇ ನೆನಪಾಯಿತು. ಗಾಡೊ ಅವರ ಕೆಲಸದ ಒಪ್ಪಂದವನ್ನು ಅವರ ಸಂಸ್ಥೆ ಮುಂದೆ ನವೀಕರಿಸಲಿಲ್ಲ. ಇದರಲ್ಲಿ ನಮ್ಮ ಕಥೆಗೆ ಬಹಳ ಹತ್ತಿರವಾದ ಸಂಗತಿಯೊಂದಿದೆ. ಗಾಡೊ, ಅಂದರೆ ಗಾಡ್‌ಫ್ರೆ ಮ್ವಾಂಪೆಂಬ್ವಾ, ಹುಟ್ಟಿದ್ದು ಟಾಂಜಾನಿಯಾದಲ್ಲೇ. ನೆರೆದೇಶದ ಅವಮಾನ ಎಂದು ಸರ್ಕಾರ ಎಣಿಸಿದ್ದು ತನ್ನದೇ ನೆಲದ ಮಗ ತನ್ನ ಊರಿನ ಬಗ್ಗೆ ಹೊರಗೆ ನಿಂತು ಆಡಿದ ಮಾತನ್ನು. ಹೀಗಾಗಿ ಗಡಿಯಾಚೆಯ ಟೀಕೆಯನ್ನು ಪರರ ಟೀಕೆ ಎಂದು ಕರೆಯುವ ಮೊದಲು ಅದನ್ನು ಬರೆದವರು ಯಾರು, ಅವರು ಒಳಗೆ ಬರೆಯಲಾಗದೆ ಹೋದದ್ದೇಕೆ ಎಂದು ಕೇಳಬೇಕಾಗುತ್ತದೆ.

ಲೈಸೆನ್ಸ್, ನೋಂದಣಿ ಮುಗಿದ ಮೇಲೆ ಸರ್ಕಾರದ ಕೈಯಲ್ಲಿ ಉಳಿಯುವ ಇನ್ನೊಂದು ಹಗ್ಗ ಕಾಗದ. ಅದರ ಕಥೆಯೂ ಭದ್ರಾವತಿಯದೇ. 1936ರಲ್ಲಿ ಅಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಮಲೆನಾಡಿನ ಬಿದಿರು ಭದ್ರೆಯ ನೀರಿನಲ್ಲಿ ನೆನೆದು ಕಾಗದವಾಗತೊಡಗಿತು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು, 1980ರ ದಶಕದ ಆರಂಭದಲ್ಲಿ ನ್ಯೂಸ್‌ಪ್ರಿಂಟ್ ತಯಾರಿಸತೊಡಗಿತು. ಬಿದಿರು ಕಡಿಮೆಯಾದಾಗ ಶಿವಮೊಗ್ಗ ಸುತ್ತಲಿನ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ತೋಪುಗಳೆದ್ದವು. ಆ ತೋಪುಗಳಿಗೆ ಹೋದ ಕಾಡಿನ ಲೆಕ್ಕವನ್ನು ಮಲೆನಾಡು ಇನ್ನೂ ಕೇಳುತ್ತಿದೆ. ನ್ಯೂಸ್‌ಪ್ರಿಂಟ್ ಆಗ ಸಂತೆಯಲ್ಲಿ ಸಿಗುವ ಸರಕಾಗಿರಲಿಲ್ಲ. ಯಾವ ಪತ್ರಿಕೆಗೆ ಎಷ್ಟು ಎಂಬುದನ್ನು ಕೇಂದ್ರದ ಕೋಟಾ ನಿರ್ಧರಿಸುತ್ತಿತ್ತು. ಪುಟಕ್ಕೂ ಬೆಲೆಗೂ ಗಂಟು ಹಾಕಿದ ಆದೇಶವನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಸಕಾಳ್ ಪ್ರಕರಣದಲ್ಲಿ ರದ್ದುಮಾಡಿತು. ಪುಟಗಳನ್ನು ಹತ್ತಕ್ಕೆ ಕಟ್ಟಿಹಾಕಿದ ನ್ಯೂಸ್‌ಪ್ರಿಂಟ್ ನೀತಿಯನ್ನು 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ತಳ್ಳಿಹಾಕಿತು. ಕೋಟಾ ಇದ್ದದ್ದರಿಂದಲೇ ಸಣ್ಣ ಪತ್ರಿಕೆಗಳು ಬದುಕಿದವು ಎನ್ನುವವರ ಮಾತಿನಲ್ಲಿ ಹುರುಳಿದೆ. ಪೇಟೆಯ ಬೆಲೆಗೆ ಬಿಟ್ಟಿದ್ದರೆ ಜಿಲ್ಲೆಯ ವಾರಪತ್ರಿಕೆಗಳಿಗೆ ಕಾಗದ ದಕ್ಕುವುದು ಕಷ್ಟವಿತ್ತು. ಆದರೆ ಕೊಡುವ ಕೈಯೇ ತಡೆಯುವ ಕೈಯೂ ಆದಾಗ ಉಪಕಾರಕ್ಕೂ ಎಚ್ಚರಿಕೆಗೂ ಗೆರೆ ಅಳಿಸಿಹೋಗುತ್ತದೆ. ಇದೇ ಜಿಲ್ಲೆಯ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ತಂದಾಗ ಜಾಹೀರಾತನ್ನೇ ಒಲ್ಲೆ ಎಂದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಓದುಗ ಕೊಟ್ಟ ದುಡ್ಡಿನ ಹೊರತು ಬೇರೆ ಯಾರ ಹಂಗೂ ಬೇಡ ಎಂಬ ಆ ನಿಲುವಿನಿಂದಲೇ ಮುಖ್ಯಮಂತ್ರಿ ಗುಂಡೂರಾವ್ ಅದರ ಪುಟಗಳಲ್ಲಿ ‘ಗುಂ’ ಆಗಲು ಸಾಧ್ಯವಾಯಿತು, ತನ್ನದೇ ಜಿಲ್ಲೆಯ ಬಂಗಾರಪ್ಪನವರಿಗೂ ಅದು ವಿನಾಯಿತಿ ಕೊಡಲಿಲ್ಲ. ಮೈಸೂರಿನಲ್ಲಿ ತಾತಯ್ಯನವರು ಪತ್ರಿಕೆ ಮುಚ್ಚಬೇಕಾದ ಜಾಗದಲ್ಲೇ ಏಳು ದಶಕಗಳ ನಂತರ ಒಳಗಿನವನೊಬ್ಬ ಒಳಗೇ ನಿಂತು ಹಂಗಿಸಿದ. ಆ ಮಾತು ಗಡಿ ದಾಟಿ ಹೋಗಬೇಕಾಗಲಿಲ್ಲ.

ಹಾಗೆಂದು ಹಳೆಯ ಕಾನೂನಿನ ಬೇರು ಪೂರ್ತಿ ಕಿತ್ತುಹೋಗಿಲ್ಲ. ಸಂವಿಧಾನ ಜಾರಿಯಾದಾಗ 19ನೇ ವಿಧಿಯಲ್ಲಿ ನೆರೆಯ ದೇಶಗಳ ಮಾತು ಇರಲಿಲ್ಲ. 1951ರ ಮೊದಲ ತಿದ್ದುಪಡಿ ‘ವಿದೇಶಿ ರಾಷ್ಟ್ರಗಳೊಂದಿಗಿನ ಸ್ನೇಹಸಂಬಂಧ’ವನ್ನು ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದಾದ ಕಾರಣಗಳ ಪಟ್ಟಿಗೆ ಸೇರಿಸಿತು. ಪಾಕಿಸ್ತಾನದೊಂದಿಗೆ ನೆಹರು–ಲಿಯಾಕತ್ ಒಪ್ಪಂದವಾಗಿ ಆಗಿನ್ನೂ ವರ್ಷ ಕಳೆದಿತ್ತಷ್ಟೇ. ಶ್ಯಾಮಪ್ರಸಾದ್ ಮುಖರ್ಜಿ ಸಂಸತ್ತಿನಲ್ಲಿ ಅದನ್ನು ವಿರೋಧಿಸಿದರು. ಮಿತಿಗಳು ‘ಸಮಂಜಸ’ವಾಗಿರಬೇಕು ಎಂಬ ಪದವನ್ನೂ ಅದೇ ತಿದ್ದುಪಡಿ ಸೇರಿಸಿದ್ದರಿಂದ ನ್ಯಾಯಾಲಯಕ್ಕೆ ತೂಗಿ ನೋಡುವ ಅಧಿಕಾರ ಉಳಿಯಿತು, 1922ರ ರಾಜರಕ್ಷಣೆಯ ಕಾನೂನಿಗೂ ಇದಕ್ಕೂ ಇರುವ ನಿಜವಾದ ಅಂತರ ಇದು. ಈ ಪದದ ಅರ್ಥವನ್ನು ನ್ಯಾಯಾಧೀಶರು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ ಎಂಬುದರ ಮೇಲೆ ನೆರೆಯ ದೇಶದ ಅಧ್ಯಕ್ಷನನ್ನು ಗೆರೆಯಲ್ಲಿ ಹಿಡಿಯುವ ನಮ್ಮ ವ್ಯಂಗ್ಯಚಿತ್ರಕಾರನ ಹಕ್ಕು ನಿಂತಿದೆ. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತುಹೋದವು. ಕೋಟಾದ ಹಗ್ಗ ಅದಕ್ಕೂ ಮೊದಲೇ ಸಡಿಲಾಗಿತ್ತು. 19ನೇ ವಿಧಿಯ ಆ ಕೆಲವು ಪದಗಳು ಮಾತ್ರ ಇದ್ದಲ್ಲೇ ಇವೆ.