ಮೇಸನಿಕ್ ಲಾಡ್ಜ್: ಸ್ಥಾಪನೆ ಮತ್ತು ನಾಮಕರಣ

ಫ್ರೀಮೇಸನರಿ ಎಂಬ ಭ್ರಾತೃಸಂಘದ ಸ್ಥಳೀಯ ಘಟಕವೇ ಲಾಡ್ಜ್. ಭಾರತದಲ್ಲಿ ಮೊದಲ ಲಾಡ್ಜ್ 1730ರ ಸುಮಾರಿಗೆ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ನೆಲೆಗೊಂಡಿತು. 1961ರ ನವೆಂಬರ್ 24ರಂದು ದೆಹಲಿಯಲ್ಲಿ ಲಾಡ್ಜ್‌ಗಳ ಆಡಳಿತ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಅಸ್ತಿತ್ವಕ್ಕೆ ಬಂತು. ಅದರ ಆಡಳಿತದಲ್ಲಿ ಮೈಸೂರು ಸೇರಿದಂತೆ ಕರ್ನಾಟಕವು ದಕ್ಷಿಣ ಭಾರತ ಪ್ರಾದೇಶಿಕ ವಿಭಾಗಕ್ಕೆ ಸೇರುತ್ತದೆ.

ಸ್ಥಾಪನೆ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆಯಂಥ ತಾಲ್ಲೂಕು ಕೇಂದ್ರವಾಗಲಿ, ಮಹಾನಗರವಾಗಲಿ, ಕ್ರಮ ಒಂದೇ. ಫ್ರೀಮೇಸನರಿಯ ಮೂರನೆಯ ಪದವಿ ಪಡೆದ ಸದಸ್ಯರು ಲಾಡ್ಜಿನ ಹೆಸರು, ಸಭಾಸ್ಥಳ, ಮೊದಲ ಮಾಸ್ಟರ್ (ಅಧ್ಯಕ್ಷ) ಹಾಗೂ ಇಬ್ಬರು ವಾರ್ಡನ್ನರನ್ನು ಸೂಚಿಸಿ ಅರ್ಜಿ ಸಲ್ಲಿಸುತ್ತಾರೆ. ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥನಾದ ಗ್ರ್ಯಾಂಡ್ ಮಾಸ್ಟರ್ ಒಪ್ಪಿದರೆ ಸನ್ನದು ಮತ್ತು ಕ್ರಮಸಂಖ್ಯೆ ದೊರೆಯುತ್ತವೆ. ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಸಮರ್ಪಿಸುವ ಪ್ರತಿಷ್ಠಾಪನಾ ವಿಧಿಯ ನಂತರ ಕಲಾಪ ಆರಂಭ. ಸದಸ್ಯರ ಧರ್ಮಕ್ಕನುಗುಣವಾಗಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಮೊದಲಾದವನ್ನು ಪೀಠದ ಮೇಲೆ ಒಟ್ಟಿಗೆ ತೆರೆದಿಡುವುದು ಭಾರತೀಯ ಲಾಡ್ಜ್‌ಗಳ ಹೆಮ್ಮೆಯ ವೈಶಿಷ್ಟ್ಯ.

ನಾಮಕರಣ: ಲಂಡನ್ನಿನ ಆರಂಭಿಕ ಲಾಡ್ಜ್‌ಗಳಿಗೆ ಅವು ಸೇರುತ್ತಿದ್ದ ಪಾನಗೃಹಗಳ ಹೆಸರೇ ಇತ್ತು. ಬಳಿಕ ಊರು, ಗಣ್ಯ ವ್ಯಕ್ತಿ, ಸದ್ಗುಣ, ಆಶಯಗಳ ಹೆಸರಿಡುವುದು ರೂಢಿಯಾಯಿತು. ಭಾರತೀಯರಿಗೆ ಪ್ರವೇಶ ನೀಡಲೆಂದೇ 1840ರ ದಶಕದಲ್ಲಿ ಜೇಮ್ಸ್ ಬರ್ನ್ಸ್ ಮುಂಬಯಿಯಲ್ಲಿ ಕಟ್ಟಿದ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಆಶಯಸೂಚಕ ಹೆಸರಿಗೆ ಉತ್ತಮ ನಿದರ್ಶನ.